ಕೊಕ್ಕರೆ ತಂಡದ ಕ್ವಾರ್ಟರ್‌ಬ್ಯಾಕ್‌ಗಳು, ನಾನು ಕತ್ತರಿಸಿದಂತೆ

ಮೂವತ್ತೈದು ತುಂಬುವ ಮೊದಲೇ ನಾನು ನಿವೃತ್ತಳಾದೆ. ಹಾಗೆಂದರೆ ಮೈಸೂರಿನಲ್ಲಿರುವ ಅಮ್ಮ ಒಪ್ಪುವುದಿಲ್ಲ. "ಕೆಲಸ ಹೋಯ್ತು ಅನ್ನು. ನಿವೃತ್ತಿ ಅಂದ್ರೆ ಹಾರ ಹಾಕಿ, ಶಾಲು ಹೊದಿಸಿ, ಗಡಿಯಾರ ಕೊಟ್ಟು ಕಳಿಸೋದು," ಎನ್ನುತ್ತಾರೆ. ನನಗೆ ಗಡಿಯಾರ ಸಿಗಲಿಲ್ಲ. ತಂಡ ಮುಚ್ಚಿದ ದಿನ ಮಾರಾಟವಾಗದೆ ಉಳಿದ ಟೋಪಿಗಳನ್ನು ಬಾಗಿಲ ಬಳಿ ರಾಶಿ ಹಾಕಿ, ಬೇಕಾದಷ್ಟು ಒಯ್ಯಿರಿ ಎಂದರು. ನಾನು ಒಂದನ್ನೂ ಒಯ್ಯಲಿಲ್ಲ. ಆದರೆ ನಾನು ಮಾಡುತ್ತಿದ್ದ ಕೆಲಸ ನಾನು ಮಾಡುತ್ತಿದ್ದ ರೀತಿಯಲ್ಲಿ ಈಗ ಎಲ್ಲಿಯೂ ಉಳಿದಿಲ್ಲವಾದ್ದರಿಂದ, ನಿವೃತ್ತಿ ಎಂಬ ಪದವನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಇದನ್ನು ಬರೆಯಲು ಕಾರಣ ಅಮೆರಿಕದ ಸಿಯಾಟಲ್ ಬಳಿಯ ಈಸ್ಟ್‌ಗೇಟ್‌ನಲ್ಲಿ ಪರಿಚಿತರೊಬ್ಬರ ಮನೆಯ ಊಟ. ಅಲ್ಲಿ ಸಂಖ್ಯಾಶಾಸ್ತ್ರ ಓದುತ್ತಿರುವ ಹುಡುಗಿಯೊಬ್ಬಳು ಬಿಸಿಬೇಳೆಬಾತಿನ ತಟ್ಟೆ ಹಿಡಿದು ನನ್ನನ್ನು ಮೂಲೆಗೆ ಕರೆದುಕೊಂಡು ಹೋದಳು. ಕ್ರೀಡಾ ತಂಡದಲ್ಲಿ ಕೆಲಸ ಹೇಗಿರುತ್ತದೆ, ತನಗೆ ಸಿಗಬಹುದೇ ಎಂದು ಕೇಳಿದಳು. ಅವಳ ಕಣ್ಣಿನಲ್ಲಿ ದೊಡ್ಡ ಮೈದಾನದ ದೀಪಗಳೆಲ್ಲ ಹೊತ್ತಿಕೊಂಡಿದ್ದವು. ಆ ಹೊತ್ತಿಗೆ ಏನೋ ಹಾರಿಕೆಯ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇದು. ನಮ್ಮ ತಂಡದಲ್ಲಿ ನಾನಿದ್ದಷ್ಟು ಕಾಲ ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು ಬಂದುಹೋದರು. ನಾಲ್ವರಿಗೂ ಬೇಕಾಗಿದ್ದದ್ದು ಒಂದೇ: ದೊಡ್ಡ ಲೀಗಿನಿಂದ ಒಂದು ಕರೆ. ಆ ಕರೆ ಬಂದದ್ದು ಒಬ್ಬರಿಗೆ ಮಾತ್ರ. ಈ ಬರಹ ಬಹುಪಾಲು ಅವರದೇ.

ಮೊದಲು ತಂಡದ ವಿಷಯ. ಸಿಯಾಟಲ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವ ದೊಡ್ಡ ತಂಡ ನಮ್ಮದಲ್ಲ. ದೊಡ್ಡವರು ಆಡದ ವಸಂತಕಾಲದಲ್ಲಿ, ಎವರೆಟ್‌ನ ಒಂದು ಬಾಡಿಗೆ ಮೈದಾನದಲ್ಲಿ, ಮಳೆಯಲ್ಲಿ ಆಡುವ ಸಣ್ಣ ಲೀಗಿನ ತಂಡ ನಮ್ಮದು. ಹೆಲ್ಮೆಟ್ಟಿನ ಮೇಲೆ ಕೊಕ್ಕರೆಯ ಚಿತ್ರವಿತ್ತು. ಗುರಿ ಬಿಟ್ಟು ಕದಲದ ತಾಳ್ಮೆಯ ಸಂಕೇತ ಎಂದು ಮಾಲೀಕರು ವಿವರಿಸುತ್ತಿದ್ದರು. ಒಂಟಿ ಕಾಲಿನಲ್ಲಿ ನಿಂತು ಮೀನು ಬರಲೆಂದು ಕಾಯುವುದನ್ನು ನಮ್ಮಲ್ಲಿ ಏನೆನ್ನುತ್ತಾರೆಂದು ನಾನು ಅವರಿಗೆ ಹೇಳಲಿಲ್ಲ. ನಮ್ಮ ಆಟಗಾರರು ಎರಡು ಬಗೆ. ಮೇಲೆ ಹತ್ತುವ ದಾರಿಯಲ್ಲಿ ನಮ್ಮಲ್ಲಿ ಇಳಿದುಕೊಂಡವರು ಮತ್ತು ಮೇಲಿನಿಂದ ಜಾರುವಾಗ ನಮ್ಮಲ್ಲಿ ಸಿಕ್ಕಿಹಾಕಿಕೊಂಡವರು. ಯಾರು ಯಾವ ಬಗೆ ಎಂದು ಅವರಿಗೇ ಗೊತ್ತಿರುತ್ತಿರಲಿಲ್ಲ.

ಅಮೆರಿಕದ ಫುಟ್‌ಬಾಲ್ ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಆಟ ಸಣ್ಣ ಸಣ್ಣ ಸರದಿಗಳಲ್ಲಿ ನಡೆಯುತ್ತದೆ. ಪ್ರತಿ ಸರದಿಯ ಆರಂಭದಲ್ಲಿ ಮುಂದೆ ಬಗ್ಗಿ ನಿಂತವನು ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ದಾಟಿಸುತ್ತಾನೆ. ಅದು ಸ್ನ್ಯಾಪ್. ಹಿಂದೆ ನಿಂತು ಅದನ್ನು ಹಿಡಿಯುವವನು ಕ್ವಾರ್ಟರ್‌ಬ್ಯಾಕ್. ಅವನು ಒಂದೋ ಚೆಂಡನ್ನು ದೂರಕ್ಕೆ ಎಸೆಯುತ್ತಾನೆ, ಇಲ್ಲವೇ ಪಕ್ಕದವನ ಕೈಗಿಟ್ಟು ಓಡು ಎನ್ನುತ್ತಾನೆ. ಎಸೆಯುತ್ತಾನೋ ಕೈಗಿಡುತ್ತಾನೋ ಎಂದು ಎದುರಾಳಿಗೆ ಮೊದಲೇ ತಿಳಿದರೆ ಅವನ ಕಥೆ ಮುಗಿಯಿತು. ಗೆದ್ದರೆ ಇವನ ಬುದ್ಧಿ, ಸೋತರೆ ಇವನ ತಪ್ಪು. ಉಳಿದ ಹತ್ತು ಜನ ಸಾಕ್ಷಿಗಳು.

ನನ್ನ ಕೆಲಸ ನಾರ್ತ್ ಕ್ರೀಕ್‌ನ ಒಂದು ಆಫೀಸು ಕಟ್ಟಡದಲ್ಲಿ, ಹಲ್ಲಿನ ಡಾಕ್ಟರರ ಪಕ್ಕದ ವಿಡಿಯೊ ಕೋಣೆಯಲ್ಲಿ. ಪಂದ್ಯದ ವಿಡಿಯೊವನ್ನು ಸರದಿಗೊಂದು ಕ್ಲಿಪ್‌ನಂತೆ ಕತ್ತರಿಸಿ, ಪ್ರತಿಯೊಂದಕ್ಕೂ ಏನಾಯಿತು, ಯಾರಿಂದಾಯಿತು ಎಂದು ಗುರುತು ಹಾಕುವುದು. ಅಮ್ಮ ಇದನ್ನು ಒಮ್ಮೆ ಪೂರ್ತಿ ಕೇಳಿಸಿಕೊಂಡು, "ಅವನು ಎಸೀತಾನೆ, ಇವನು ಹಿಡೀತಾನೆ, ಅದನ್ನ ನೀನು ನೋಡ್ತೀಯ. ಅದಕ್ಕೆ ಎಂ.ಎಸ್ಸಿ. ಬೇಕಿತ್ತಾ?" ಎಂದಿದ್ದರು. ಬೇಕಿರಲಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಇನ್ನೊಬ್ಬರ ಎಡವಟ್ಟನ್ನು ಹಿಂದೆಮುಂದೆ ಓಡಿಸಿ ನೋಡುತ್ತ ನಗದೆ ಕೂರುವ ಅಭ್ಯಾಸ ಮಾತ್ರ ಬೇಕಿತ್ತು. ನನಗದು ಹುಟ್ಟಿನಿಂದ ಇತ್ತು.

ಕೋಣೆಯ ಯಜಮಾನರು ವೆಸ್. ಅರವತ್ತು ದಾಟಿದವರು, ಟೇಪಿನ ಕಾಲದಿಂದ ಈ ಕೆಲಸದಲ್ಲಿದ್ದವರು. ಅವರದೊಂದು ಮುರಿಯಲಾಗದ ನಿಯಮವಿತ್ತು. ಕ್ಲಿಪ್ ಸರಿಯಾಗಿ ಸ್ನ್ಯಾಪ್‌ನಿಂದ ಶುರುವಾಗಬೇಕು. ಒಂದು ಚೂರೂ ಮೊದಲು ಬೇಡ. ಆಟಗಾರರು ನಿಂತುಕೊಂಡು ಸೊಂಟ ಸರಿಮಾಡಿಕೊಳ್ಳುವುದನ್ನು ತೋರಿಸಲು ಟೇಪು ಹಾಳುಮಾಡಬಾರದು ಎಂಬುದು ಅದರ ಹಿಂದಿನ ತರ್ಕ. ಟೇಪು ಹೋಗಿ ಕಂಪ್ಯೂಟರು ಬಂದು ಎಷ್ಟೋ ಕಾಲವಾಗಿತ್ತು, ಜಾಗಕ್ಕೆ ಬರವೇ ಇರಲಿಲ್ಲ. ನಿಯಮ ಮಾತ್ರ ಉಳಿದಿತ್ತು. ಲೀಗಿನ ಉಳಿದ ತಂಡಗಳಲ್ಲಿ ಈ ಕೆಲಸ ಮಾಡುವವರೆಲ್ಲ ವೆಸ್ ಬಳಿಯೇ ಕಲಿತವರಾದ್ದರಿಂದ ಅಲ್ಲಿಯೂ ಅದೇ ನಡೆಯುತ್ತಿತ್ತು. ಎದುರಾಳಿ ತಂಡಗಳು ಪಂದ್ಯಕ್ಕೆ ಮೊದಲು ಪರಸ್ಪರ ಕ್ಲಿಪ್‌ಗಳನ್ನು ಕೊಟ್ಟುಕೊಳ್ಳುವುದು ರೂಢಿ. ಹೀಗಾಗಿ ಇಡೀ ಲೀಗಿನಲ್ಲಿ ಸ್ನ್ಯಾಪ್‌ಗೆ ಮೊದಲಿನ ಪ್ರಪಂಚವನ್ನು ಕ್ಲಿಪ್ ಹಾಕಿ ನೋಡಿದವರು ಯಾರೂ ಇರಲಿಲ್ಲ.

ಮೊದಲನೆಯವನಿಗೆ ನಾನು ಮನಸ್ಸಿನಲ್ಲೇ ದೊರೆ ಎಂದು ಹೆಸರಿಟ್ಟಿದ್ದೆ. ಎಂದೋ ಒಮ್ಮೆ ದೊಡ್ಡ ಲೀಗಿನ ಒಂದು ಪಂದ್ಯದ ಕೊನೆಗಳಿಗೆಯಲ್ಲಿ ಮೈದಾನಕ್ಕಿಳಿದಿದ್ದನಂತೆ. ಆ ಗಳಿಗೆಯ ಕಥೆ ಪ್ರತಿ ವಾರ ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು. ಸೋತ ಮರುದಿನ ಕೋಣೆಗೆ ಬಂದು, ತನ್ನ ತಪ್ಪಿನ ಕ್ಲಿಪ್ ಬಂದಾಗ ಫೋನ್ ನೋಡುವುದು, ಬೇರೆಯವರದು ಬಂದಾಗ "ಇನ್ನೊಂದ್ಸಲ ಹಾಕು" ಎನ್ನುವುದು ಅವನ ಪದ್ಧತಿ. ನನ್ನ ಹೆಸರು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಒಂದು ದಿನ ಯಾರೂ ಮುಟ್ಟದೆ ತಾನೇ ಜಾರಿ ಬಿದ್ದು ಭುಜ ಮುರಿದುಕೊಂಡ. ತಪ್ಪು ಯಾರದು ಎಂಬಲ್ಲಿ ನಾನು 'ಹುಲ್ಲು' ಎಂದು ಗುರುತು ಹಾಕಿದೆ. ವೆಸ್ ಅದನ್ನು ಅಳಿಸಲಿಲ್ಲ.

ಎರಡನೆಯವನು ಅಳಿಯ. ಇದು ಅಡ್ಡಹೆಸರಲ್ಲ. ದೋಣಿ ವ್ಯಾಪಾರದಲ್ಲಿ ಶ್ರೀಮಂತರಾಗಿದ್ದ ನಮ್ಮ ಮಾಲೀಕರ ಮಗಳಿಗೂ ಅವನಿಗೂ ನಿಶ್ಚಿತಾರ್ಥವಾಗಿತ್ತು. ಅಳಿಯನ ತಪ್ಪನ್ನು ಅಳಿಯನ ಮುಂದೆ ಹೇಳುವ ಪದ್ಧತಿ ನಮ್ಮ ದೇಶದಲ್ಲಿ ಮಾತ್ರ ಇಲ್ಲ ಎಂದುಕೊಂಡಿದ್ದೆ. ಇಲ್ಲಿಯೂ ಇಲ್ಲ. ಅಭ್ಯಾಸದಲ್ಲಿ ಅವನನ್ನು ಯಾರೂ ಕೆಡವುತ್ತಿರಲಿಲ್ಲ, ಹತ್ತಿರ ಬಂದು ನಯವಾಗಿ ನಿಲ್ಲುತ್ತಿದ್ದರು. ಅವನು ಚೆಂಡನ್ನು ನೇರವಾಗಿ ಎದುರಾಳಿಯ ಎದೆಗೆ ಎಸೆದರೂ ನಮ್ಮ ಹುಡುಗ ತಪ್ಪು ಜಾಗದಲ್ಲಿದ್ದ ಎಂದು ಕೋಚ್ ತೀರ್ಪು ಕೊಡುತ್ತಿದ್ದರು. ಕ್ಲಿಪ್ ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ತಪ್ಪು ಯಾರದು ಎಂಬುದು ನಿಂತಿದೆ ಎಂದು ನಾನು ಕಲಿತದ್ದು ಆ ವರ್ಷ. ಚೆಂಡು ಗಾಳಿಯಲ್ಲಿರುವಾಗಲೇ ಕತ್ತರಿಸಿದರೆ ಎಲ್ಲ ಎಸೆತವೂ ಸುಂದರ.

ಅವನ ಕಾಲದ ಒಂದು ಅನಾಹುತವನ್ನು ಹೇಳದೆ ಮುಂದೆ ಹೋಗಲಾರೆ. ಮದುವೆಗೆ ಮೊದಲಿನ ಕೊನೆಯ ಪಂದ್ಯದ ವಿರಾಮದಲ್ಲಿ, ಮೈದಾನದ ದೊಡ್ಡ ಪರದೆಯ ಮೇಲೆ ವಧೂವರರಿಗೆ ಶುಭಾಶಯದ ವಿಡಿಯೊ ಹಾಕಬೇಕಿತ್ತು. ವೆಸ್ ಒತ್ತಿದ್ದು ಪಕ್ಕದ ಫೈಲನ್ನು. ಅದು ಅಳಿಯನ ಇಡೀ ವರ್ಷದ ಇಂಟರ್‌ಸೆಪ್ಷನ್‌ಗಳು, ಅಂದರೆ ಎದುರಾಳಿಯ ಕೈಗೆ ಎಸೆದ ಎಸೆತಗಳು, ಒಂದರ ಹಿಂದೊಂದು. ಹಿನ್ನೆಲೆಯಲ್ಲಿ ಮದುವೆಯ ಸಂಗೀತ ಮಾತ್ರ ಸರಿಯಾಗಿ ಬಂತು. ಜನ ಇದೇ ಶುಭಾಶಯವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಧು ಎಲ್ಲರಿಗಿಂತ ಹೆಚ್ಚು ನಕ್ಕಳು. ಮಾಲೀಕರು ವೆಸ್ ಅವರನ್ನು ಕೆಲಸದಿಂದ ತೆಗೆಯುವುದರಲ್ಲಿದ್ದರು, ಮಗಳೇ ತಡೆದಳು. ಮದುವೆಯಾಯಿತು. ಅಳಿಯ ಈಗ ದೋಣಿ ಮಾರುತ್ತಾನೆ, ಚೆನ್ನಾಗಿ ಮಾರುತ್ತಾನಂತೆ.

ಮೂರನೆಯವನು ಪ್ರತಿ ಸರದಿಗೆ ಮೊದಲು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ. ಸ್ನ್ಯಾಪ್ ಆದ ಮೇಲೂ ಕೆಲವೊಮ್ಮೆ ಕಣ್ಣು ಮುಚ್ಚಿರುತ್ತಿದ್ದದ್ದೇ ಸಮಸ್ಯೆ. ಅವನ ಕಾಲದಲ್ಲಿ ಯಂತ್ರ ಬಂತು. ಮೈದಾನದ ಸುತ್ತ ಕ್ಯಾಮೆರಾಗಳು, ತಾನೇ ಕತ್ತರಿಸಿ ತಾನೇ ಅಂಕ ಕೊಡುವ ಪ್ರೋಗ್ರಾಂ. ನನ್ನ ಕೆಲಸ ಅದರ ತಪ್ಪು ತಿದ್ದುವುದು ಎಂದಾಯಿತು. ಮೊದಲ ತಿಂಗಳು ಅದು ಕೊಕ್ಕರೆಯ ವೇಷ ಹಾಕಿಕೊಂಡು ಅಂಚಿನಲ್ಲಿ ಕುಣಿಯುವ ಹುಡುಗನನ್ನೂ ಆಟಗಾರನೆಂದು ಲೆಕ್ಕಕ್ಕೆ ಹಿಡಿದು, ಒತ್ತಡದಲ್ಲಿ ಶಾಂತಚಿತ್ತತೆ ಎಂಬ ವಿಭಾಗದಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್‌ಗಿಂತ ಹೆಚ್ಚು ಅಂಕ ಕೊಟ್ಟಿತು. ನಾನು ತಿದ್ದಲು ಹೋದೆ. ಕೋಚ್ ಬಂದು ನೋಡಿ, "ಇರಲಿ ಬಿಡು, ಅದು ಸರಿಯಾಗೇ ಇದೆ," ಎಂದರು. ಯಂತ್ರವನ್ನು ಹೊಂದಿಸಿದವರು ವೆಸ್. ಅದೂ ಸ್ನ್ಯಾಪ್‌ನಿಂದಲೇ ಕತ್ತರಿಸುತ್ತಿತ್ತು.

ನಾಲ್ಕನೆಯವರು ಟೆರಿ. ಮೇರಿಸ್‌ವಿಲ್‌ನ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಉಳಿದ ಮೂವರನ್ನು ಅವನು, ಇವನು ಎಂದು ಬರೆದವಳಿಗೆ ಇವರ ವಿಷಯದಲ್ಲಿ ಕೈ ಬರುತ್ತಿಲ್ಲ. ಮೇಷ್ಟ್ರು ಎಂದರೆ ಮೇಷ್ಟ್ರೇ. ಬೆಳಿಗ್ಗೆ ಶಾಲೆ, ಮಧ್ಯಾಹ್ನದ ಮೇಲೆ ಅಭ್ಯಾಸ. ವಿಡಿಯೊ ಕೋಣೆಗೆ ಬರುವಾಗ ಭಿನ್ನರಾಶಿಯ ಉತ್ತರಪತ್ರಿಕೆಗಳ ಕಟ್ಟು ತರುತ್ತಿದ್ದರು. ತಮ್ಮ ಕೆಟ್ಟ ಎಸೆತಗಳನ್ನೇ ಮೊದಲು ಹಾಕಿ ಎಂದು ಕೇಳಿದ ಏಕೈಕ ಕ್ವಾರ್ಟರ್‌ಬ್ಯಾಕ್ ಅವರು. ಪರದೆ ನೋಡುತ್ತ, ಕೆಂಪು ಪೆನ್ನಿನಿಂದ ಮಕ್ಕಳ ತಪ್ಪು ಹೊಡೆಯುತ್ತ, ಎರಡಕ್ಕೂ ಒಂದೇ ನಿಟ್ಟುಸಿರು ಬಿಡುತ್ತಿದ್ದರು.

ಈ ವಯಸ್ಸಿನಲ್ಲಿ, ಈ ಮಳೆಯಲ್ಲಿ ಏಕೆ ಆಡುತ್ತೀರಿ ಎಂದು ಒಬ್ಬ ಸ್ಥಳೀಯ ವರದಿಗಾರ ಕೇಳಿದಾಗ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ದೊಡ್ಡ ಲೀಗಿನ ಒಂದು ತಂಡ ಒಂದು ಸಲ ತನ್ನ ಹೆಸರಿಗೆ ಕರಾರುಪತ್ರ ಬರೆಯಬೇಕು, ಒಂದೇ ವರ್ಷಕ್ಕಾದರೂ ಸಾಕು, ಕಾಲೇಜಿನಿಂದ ಇಲ್ಲಿಯವರೆಗೆ ಅದಕ್ಕಾಗಿಯೇ ಎಸೆಯುತ್ತಿದ್ದೇನೆ. ಉಳಿದವರು ಇದನ್ನೇ ದೇವರ ಇಚ್ಛೆ, ತಂಡದ ಹಿತ ಎಂದೆಲ್ಲ ಸುತ್ತಿ ಹೇಳುತ್ತಿದ್ದರು.

ಮೇಷ್ಟ್ರು ಚೆನ್ನಾಗಿಯೇ ಆಡುತ್ತಿದ್ದರು. ತಂಡ ಗೆಲ್ಲತೊಡಗಿತ್ತು, ನಮಗೇ ಮುಜುಗರವಾಗುವಷ್ಟು. ಅವರು ಬಂದ ಮೂರನೆಯ ವಸಂತದಲ್ಲಿ ಅಮೆರಿಕದ ನಡುಭಾಗದ ದೊಡ್ಡ ಲೀಗಿನ ತಂಡವೊಂದರಿಂದ ಗ್ರೇಡಿ ಎಂಬ ಸ್ಕೌಟ್, ಅಂದರೆ ಆಟಗಾರರನ್ನು ಹುಡುಕಿ ಆರಿಸುವವನು, ಫೋನ್ ಮಾಡಿದ. ಟೆರಿಯವರ ಈ ವರ್ಷದ ಎಲ್ಲ ಸರದಿಗಳ ವಿಡಿಯೊ ಕಳಿಸಬೇಕು ಎಂದ. ಕೋಚ್ ಕುಣಿಯುವುದೊಂದು ಬಾಕಿ. ಹೊರಗೆ ಹೋಗುವ ವಿಡಿಯೊವನ್ನು ಯಂತ್ರಕ್ಕೆ ಬಿಡಬಾರದೆಂದು ವೆಸ್ ಆ ಕೆಲಸವನ್ನು ನನಗೆ ವಹಿಸಿದರು.

ಅದೇ ವಾರ ಮಲ್ಲಣ್ಣ ಸಿಕ್ಕಿದ್ದು. ಪೂರ್ತಿ ಹೆಸರು ಮಲ್ಲಿಕಾರ್ಜುನ, ಗದಗಿನವರು, ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು. ನಮ್ಮ ತಂಡದ ಇಡೀ ವರ್ಷದ ಟಿಕೇಟು ಕೊಂಡಿದ್ದ, ನನಗೆ ಗೊತ್ತಿದ್ದ ಒಬ್ಬರೇ ಕನ್ನಡಿಗ. ಪಂದ್ಯ ಮುಗಿದ ಮೇಲೆ ಗೇಟಿನ ಬಳಿ ಮಗನ ಜೊತೆ ನಿಂತಿದ್ದರು. ಮಿರ್ಚಿ ಸಿಗದ ಮೈದಾನದ ಬಗ್ಗೆ ಎಂದಿನ ದೂರು ಮುಗಿಸಿ, ತಮ್ಮ ಹೊಸ ಖ್ಯಾತಿಯನ್ನು ಹೇಳಿಕೊಂಡರು.

"ತಂಗಿ, ಬಾಜೂಕ ಕುಂತಾವ್ರು ನನ್ನ ಜ್ಯೋತಿಷಿ ಅಂತಾರ. ಈಗ ಒಗೀತಾನ ಅಂತೀನಿ, ಒಗೀತಾನ. ಈಗ ಕೈಯಾಗ ಕೊಡ್ತಾನ ಅಂತೀನಿ, ಕೊಡ್ತಾನ."

ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಅದ್ರಾಗೇನೈತಿ? ನಿಮ್ಮ ಮಾಸ್ತರ ಚೆಂಡ ಒಗಿಯೂದಿದ್ರ ಮೊದಲ ಎಡಗಾಲ ಹಿಂದ ಸರಸ್ತಾನ. ಇಲ್ಲಾಂದ್ರ ಸರಸೂದಿಲ್ಲ. ನೀನೂ ನೋಡೇ ಇರ್ತೀ ಬಿಡು, ದಿನಾ ಅದನ್ನ ನೋಡಾಕಿ."

ಅವರ ಮಗ ಇಂಗ್ಲಿಷಿನಲ್ಲಿ, ಅಪ್ಪ ಇದನ್ನು ಎಲ್ಲರಿಗೂ ಹೇಳುತ್ತಾರೆ, ಯಾರೂ ನಂಬುವುದಿಲ್ಲ ಎಂದು ಕ್ಷಮೆ ಕೇಳುವವನಂತೆ ಹೇಳಿದ. ನಾನು ನೋಡಿರಲಿಲ್ಲ. ಮೇಷ್ಟ್ರ ಒಂದೊಂದು ಎಸೆತವನ್ನೂ ಹಿಂದೆಮುಂದೆ ಓಡಿಸಿ ನೋಡಿದವಳು ನಾನು. ಅವರ ಮೊಣಕೈ ಯಾವ ಕೋನದಲ್ಲಿ ಬಾಗುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ನನ್ನ ಪಾಲಿಗೆ ಅವರು ಹುಟ್ಟುತ್ತಿದ್ದದ್ದೇ ಸ್ನ್ಯಾಪ್‌ನಲ್ಲಿ.

ಮರುದಿನ ಕತ್ತರಿಸದ ಮೂಲ ವಿಡಿಯೊ ತೆಗೆದು ವೆಸ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಸ್ನ್ಯಾಪ್‌ಗೆ ಸ್ವಲ್ಪ ಮೊದಲು, ಎಸೆಯುವ ಸರದಿಯಾದರೆ, ಎಡಗಾಲು ಒಂದು ಹೆಬ್ಬೆರಳಿನಷ್ಟು ಹಿಂದೆ ಸರಿಯುತ್ತಿತ್ತು. ಕೈಗಿಡುವ ಸರದಿಯಾದರೆ ಇಲ್ಲ. ಒಂದು ಸಲವೂ ತಪ್ಪಲಿಲ್ಲ. ವೆಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದನ್ನ ಯಾರು ಕಂಡುಹಿಡಿದರು?"

ಟಿಕೇಟು ಕೊಂಡವರೊಬ್ಬರು ಎಂದೆ.

"ನಾವೇನು ಮಾಡ್ತಿದ್ವಿ ಇಷ್ಟು ವರ್ಷ?"

ಟೇಪು ಉಳಿಸುತ್ತಿದ್ದೆವು ಎಂದೆ.

ಕೋಚ್‌ಗೆ ತೋರಿಸಿದೆವು. ಅವರು ಸ್ವಲ್ಪ ಹೊತ್ತು ಬಿಳಿಚಿಕೊಂಡಿದ್ದು, ಆಮೇಲೆ ಗೆಲುವಾದರು. ಅವರ ಲೆಕ್ಕ ಸರಳ: ಲೀಗಿನಲ್ಲಿ ಯಾವ ತಂಡವೂ ನೋಡಿಲ್ಲ, ಎಲ್ಲರ ಬಳಿಯೂ ನಮ್ಮದೇ ಥರದ ಕ್ಲಿಪ್‌ಗಳಿವೆ. ಗ್ರೇಡಿಗೂ ಅದನ್ನೇ ಕಳಿಸೋಣ. ಪದ್ಧತಿಯೇ ಹಾಗಿರುವಾಗ ಮುಚ್ಚಿಟ್ಟೆವೆಂದು ಯಾರೂ ಹೇಳಲಾರರು. ಟೆರಿಗೆ ಮಾತ್ರ ಹೇಳಬೇಡಿ, ಕಾಲಿನ ಬಗ್ಗೆ ಯೋಚಿಸುವವನು ಎಸೆಯಲಾರ ಎಂದು ತಾಕೀತು ಮಾಡಿದರು. ವೆಸ್ ತಲೆಯಾಡಿಸಿದರು. ಕೊನೆಗೆ ಕತ್ತರಿಸುವವಳು ನಾನೇ ಆದ್ದರಿಂದ ಇಬ್ಬರೂ ನನ್ನತ್ತ ನೋಡಿದರು. ಮಾತಾಡದವಳೆಂದು ಹೆಸರಾಗಿರುವುದರಿಂದ ಒಂದು ಅನುಕೂಲವಿದೆ: ಸುಮ್ಮನಿದ್ದರೆ ಒಪ್ಪಿದಳೆಂದು ಎಲ್ಲರೂ ತಿಳಿಯುತ್ತಾರೆ.

ವಿಡಿಯೊ ಕೋಣೆಯವರು ಕ್ವಾರ್ಟರ್‌ಬ್ಯಾಕ್‌ಗಳೊಡನೆ ಆಟದ ವಿಷಯ ನೇರವಾಗಿ ಮಾತಾಡಬಾರದು, ಎಲ್ಲವೂ ಕೋಚ್ ಮೂಲಕವೇ ಹೋಗಬೇಕು. ಅದು ಈ ವೃತ್ತಿಯ ಮೊದಲ ಪಾಠ. ಮೇಷ್ಟ್ರು ಉತ್ತರಪತ್ರಿಕೆಗಳೊಂದಿಗೆ ಬಂದು ಕುಳಿತ ಮಧ್ಯಾಹ್ನ ನಾನು ಬಾಗಿಲು ಹಾಕಿ, ಮೂಲ ವಿಡಿಯೊ ಓಡಿಸಿದೆ. ಅವರ ಪೆನ್ನು ನಿಂತಿತು.

"ಮೊಣಕಾಲು," ಎಂದರು. "ಕಾಲೇಜಲ್ಲಿ ಮುರಿದದ್ದು. ಆ ಕಾಲು ಹಿಂದಿಡದೆ ಎಸೆದ್ರೆ ಚೆಂಡು ಎಲ್ಲಿಗೆ ಹೋಗುತ್ತೋ ದೇವರಿಗೇ ಗೊತ್ತು. ಇಟ್ಟರೆ ನನಗೂ ಗೊತ್ತಿರುತ್ತೆ."

"ಬಿಡೋಕೆ ಆಗಲ್ವಾ?"

"ಒಂದು ಇಡೀ ಬೇಸಿಗೆ ಪ್ರಯತ್ನ ಪಟ್ಟೆ. ಪಕ್ಕದ ಮನೆಯ ಎರಡು ಕಿಟಕಿ ಹೋಯ್ತು."

"ಯಾರಿಗೂ ಹೇಳಿಲ್ವಾ ನೀವು?"

"ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳಲಿಲ್ಲ. ನಿಮ್ಮ ಕ್ಲಿಪ್‌ಗಳು ನೋಡಿದಾಗೆಲ್ಲ ಒಳಗೊಳಗೇ ನಿಮಗೆ ಥ್ಯಾಂಕ್ಸ್ ಹೇಳ್ತಿದ್ದೆ."

ಗ್ರೇಡಿಗೆ ಕಳಿಸುವ ಕ್ಲಿಪ್‌ಗಳನ್ನು ಎಲ್ಲಿಂದ ಶುರುಮಾಡಲಿ ಎಂದು ಕೇಳಿದೆ. ಅವರು ಮೇಲಿದ್ದ ಉತ್ತರಪತ್ರಿಕೆಯನ್ನು ಕೈಗೆತ್ತಿಕೊಂಡರು.

"ಅದನ್ನ ನನ್ನ ಕೇಳಬೇಡಿ. ಕೇಳಿದ್ರೆ ಸ್ನ್ಯಾಪ್‌ನಿಂದ ಅಂತಲೇ ಹೇಳ್ತೀನಿ. ನಾಳೆ ಬೆಳಿಗ್ಗೆ ಕ್ಲಾಸಿಗೆ ಹೋಗಿ, ಬರೀ ಉತ್ತರ ಬರೀಬೇಡಿ, ಅದಕ್ಕೆ ಮೊದಲಿನ ಹಂತಗಳನ್ನೂ ತೋರಿಸಿ ಅಂತ ಮಕ್ಕಳಿಗೆ ಬೈಬೇಕು ನಾನು."

ಹೀಗೆ ಹೇಳಿ, ತೀರ್ಮಾನವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಜಾಣತನದಲ್ಲಿ ಮೇಷ್ಟ್ರುಗಳು ಕ್ವಾರ್ಟರ್‌ಬ್ಯಾಕ್‌ಗಳಿಗಿಂತ ಕಡಿಮೆಯೇನಲ್ಲ.

ಸ್ನ್ಯಾಪ್‌ನಿಂದ ಕತ್ತರಿಸಿದರೆ ಅವರಿಗೆ ಕರಾರು ಸಿಗುವ ಸಂಭವ ಹೆಚ್ಚು. ಅವರು ಬಯಸಿದ್ದು ಅದೊಂದನ್ನೇ. ಆದರೆ ದೊಡ್ಡ ಲೀಗಿನ ಕೋಚ್‌ಗಳು ಮೊದಲ ಅಭ್ಯಾಸದಲ್ಲೇ ಅವರ ಕಾಲನ್ನು ಕಣ್ಣಾರೆ ನೋಡುತ್ತಾರೆ. ನೋಡಿ ಮನೆಗೆ ಕಳಿಸಿದರೆ ಅದು ಒಳ್ಳೆಯ ಸಂಗತಿ. ಕೋಚ್‌ಗಳು ನೋಡದೆ ಎದುರಾಳಿ ನೋಡಿದರೆ, ಆ ಲೀಗಿನ ದೈತ್ಯರು ಎಸೆತ ಬರುತ್ತದೆಂದು ಮೊದಲೇ ತಿಳಿದು ಓಡಿಬಂದರೆ, ಉಳಿದ ಮೊಣಕಾಲೂ ಉಳಿಯುವುದಿಲ್ಲ. ಇನ್ನೊಂದು ಕಡೆ, ಮೊದಲಿನಿಂದ ತೋರಿಸಿದರೆ ಗ್ರೇಡಿ ಎರಡು ಕ್ಲಿಪ್ ನೋಡಿ ಮುಂದಿನ ಹೆಸರಿಗೆ ಹೋಗುತ್ತಾನೆ. ನಾನು ಎಸೆಯುವವಳಲ್ಲ, ಹಿಡಿಯುವವಳಲ್ಲ. ಇನ್ನೊಬ್ಬರ ಇಡೀ ಆಸೆ ನನ್ನ ಕೈಯಲ್ಲಿ ಬಂದು ಕೂತದ್ದು ನನಗೆ ಇಷ್ಟವಾಗಲಿಲ್ಲ.

ಹೆಸರು ಹೇಳದೆ, ಆಟದ ಗೋಜಿಲ್ಲದೆ ಅಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಂಡರು. ಅವರಿಗೆ ಎಲ್ಲ ಸಮಸ್ಯೆಯೂ ಕೊನೆಗೆ ಮದುವೆಯ ಸಮಸ್ಯೆ.

"ಹೆಣ್ಣು ತೋರಿಸೋವಾಗ ಕೂರಿಸೇ ತೋರಿಸಿ ಕುಂಟು ಮುಚ್ಚಿಡಬಹುದು ಕಣೇ. ಧಾರೆ ದಿನ ಅವಳು ನಡೀಲೇಬೇಕಲ್ಲ."

ನಾನು ಪ್ರತಿ ಕ್ಲಿಪ್ಪನ್ನೂ ಸ್ನ್ಯಾಪ್‌ಗೆ ಎರಡು ಸೆಕೆಂಡು ಮೊದಲಿನಿಂದ ಕತ್ತರಿಸಿದೆ. ಗ್ರೇಡಿ ಕೇಳಿದ್ದು ಎಲ್ಲ ಸರದಿಗಳನ್ನು. ಕಾಲೂ ಸರದಿಯ ಭಾಗವೇ. ಕಳಿಸಿದ ಮೇಲೆ ವೆಸ್ ಅವರಿಗೆ ಹೇಳಿದೆ. ಅವರು ಬೈಯಲಿಲ್ಲ. ತಮ್ಮ ನಿಯಮ ಮುರಿದುಬಿದ್ದದ್ದನ್ನು ಪರದೆಯ ಮೇಲೆ ನೋಡುತ್ತ, "ಸೊಂಟ ಸರಿಮಾಡಿಕೊಳ್ಳೋದೂ ಬಂದಿದೆ," ಎಂದಷ್ಟೇ ಗೊಣಗಿದರು. ಕೋಚ್ ಬೈದರು, ಬಹಳ ಹೊತ್ತು ಬೈದರು. ಹೊಸಬರಿಗೆ ಒಂದು ಮಾತು: ಫುಟ್‌ಬಾಲ್ ಕೋಚ್ ಬೈಯುವಾಗ ಅವರ ಕೊರಳಿನ ಸೀಟಿಯನ್ನು ನೋಡುತ್ತ ನಿಲ್ಲಿ, ಮುಖಕ್ಕಿಂತ ಅದು ಶಾಂತವಾಗಿರುತ್ತದೆ.

ಮೇಷ್ಟ್ರಿಗೂ ನಾನೇ ಹೇಳಿದೆ. "ಸರಿ," ಎಂದರು. ಆ ಮೇಲೆ ಉತ್ತರಪತ್ರಿಕೆಗಳು ವಿಡಿಯೊ ಕೋಣೆಗೆ ಬರುವುದು ನಿಂತಿತು. ತಮ್ಮ ಕ್ಲಿಪ್‌ಗಳನ್ನು ಕೋಚ್ ಕೋಣೆಯಲ್ಲಿ ನೋಡತೊಡಗಿದರು. ಕಾರಿಡಾರಿನಲ್ಲಿ ಎದುರಾದರೆ ಮರ್ಯಾದೆಯಿಂದಲೇ ತಲೆ ಬಾಗಿಸುತ್ತಿದ್ದರು, ಅದೇ ಕಷ್ಟವಾಗಿದ್ದು. ಗ್ರೇಡಿಯಿಂದ ಫೋನಿಲ್ಲ, ಪತ್ರವಿಲ್ಲ. ಕೊನೆಯ ಪಂದ್ಯ ಸೋತೆವು. ಅದರ ಬೆನ್ನಿಗೇ ದೋಣಿ ವ್ಯಾಪಾರ ಇಳಿಮುಖವೆಂದೂ ಇನ್ನು ಮುಂದೆ ತಂಡ ಇರುವುದಿಲ್ಲವೆಂದೂ ಮಾಲೀಕರು ಪ್ರಕಟಿಸಿದರು. ಅಳಿಯ ಪಕ್ಕದಲ್ಲಿ ನಿಂತು ಸಾಂತ್ವನ ಹೇಳಿದ. ಆ ದಿನವೇ ಟೋಪಿಗಳ ರಾಶಿ ಬಿದ್ದದ್ದು.

ನಾನು ಮೇಜು ಖಾಲಿ ಮಾಡುತ್ತಿದ್ದಾಗ ಮೇಷ್ಟ್ರು ಒಳಗೆ ಬಂದು, ಎಂದಿನ ಕುರ್ಚಿಯಲ್ಲಿ ಕುಳಿತರು. ಕೈಯಲ್ಲಿ ಪತ್ರಿಕೆಗಳಿರಲಿಲ್ಲ.

"ಗ್ರೇಡಿ ಫೋನ್ ಮಾಡಿದ್ದ. ಮೊದಲ ಕ್ಲಿಪ್‌ನಲ್ಲೇ ಕಾಲು ನೋಡಿದನಂತೆ."

ನಾನು ಕೈಯಲ್ಲಿದ್ದ ವೈರನ್ನು ಸುತ್ತುತ್ತಲೇ ಇದ್ದೆ.

"ಅವರ ತಂಡದಲ್ಲಿ ಎದುರಾಳಿಯನ್ನ ತಡೆಯೋ ಹುಡುಗರು ಅವನ ಕಾಲೇ ನೋಡಲ್ವಂತೆ. ಬರೀ ಚೆಂಡು ನೋಡ್ತಾರಂತೆ. ಅವರಿಗೆ ಅಭ್ಯಾಸ ಕೊಡೋಕೆ ಒಬ್ಬ ಬೇಕು. ಪ್ರತಿ ವಾರ ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಥರ ಆಡಬೇಕು. ಅವನ ಅಭ್ಯಾಸ, ಅವನ ಚಟ, ಎಲ್ಲ ನಕಲು ಮಾಡಬೇಕು. ಇಷ್ಟು ಸ್ಪಷ್ಟವಾಗಿ ಗುಟ್ಟು ಬಿಟ್ಟುಕೊಡೋನನ್ನ ನಾನು ನೋಡೇ ಇಲ್ಲ, ನೀನೇ ಬೇಕು ಅಂದ."

ಪಂದ್ಯದಲ್ಲಿ ಆಡಿಸುತ್ತಾರೆಯೇ ಎಂದು ಕೇಳಿದೆ.

"ನಾನೂ ಕೇಳಿದೆ. ನಕ್ಕ."

ಹೋಗುತ್ತೀರಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರೇ ಮುಂದುವರಿಸಿದರು. ಕರಾರು ಒಂದು ವರ್ಷಕ್ಕೆ, ಸರಿಯಾದ ಕರಾರು, ದೊಡ್ಡ ಲೀಗಿನದೇ. ಶಾಲೆಯಲ್ಲಿ ರಜೆ ಕೇಳಿದ್ದಾರೆ. ಹೆಂಡತಿ ಒಪ್ಪಿದ್ದಾಳೆ, ಮಕ್ಕಳು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ.

"ಸ್ನ್ಯಾಪ್‌ನಿಂದ ಕಳಿಸಿದ್ರೆ ಕರೀತಿದ್ರೋ ಏನೋ, ಕ್ವಾರ್ಟರ್‌ಬ್ಯಾಕ್ ಅಂತಲೇ," ಎಂದರು.

"ಇರಬಹುದು," ಎಂದೆ. ಸುಳ್ಳು ಹೇಳಲು ಆಗಲಿಲ್ಲ.

"ಕರೆದಿದ್ರೂ ಒಂದು ವಾರ ಇರ್ತಿದ್ದೆ." ಎದ್ದು ನಿಂತು, ತುಸು ನಕ್ಕರು. "ನಿಮ್ಮ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ. ಹೋಗುತ್ತೆ."

ನಮ್ಮ ತಂಡದ ಕ್ವಾರ್ಟರ್‌ಬ್ಯಾಕ್‌ಗಳ ಇತಿಹಾಸ ಅಲ್ಲಿಗೆ ಮುಗಿಯುತ್ತದೆ. ನಾಲ್ವರಲ್ಲಿ ನಮ್ಮಲ್ಲಿಂದ ದೊಡ್ಡ ಲೀಗಿಗೆ ಹೋದದ್ದು ಒಬ್ಬರೇ, ಅದೂ ಪ್ರತಿ ದಿನ ಸಿಕ್ಕಿಬೀಳುವುದಕ್ಕಾಗಿಯೇ ನೇಮಕಗೊಂಡು. ಈಸ್ಟ್‌ಗೇಟ್‌ನ ಹುಡುಗಿ ಇದನ್ನು ಓದಿ ಬೇರೆ ಕೆಲಸ ಹುಡುಕಿದರೆ ನನಗೆ ಬೇಸರವಿಲ್ಲ. ಹುಡುಕದಿದ್ದರೆ, ಯಂತ್ರ ಎಲ್ಲಿಂದ ಕತ್ತರಿಸುತ್ತಿದೆ ಎಂದು ಮೊದಲ ದಿನವೇ ಕೇಳಲಿ.

ಶರತ್ಕಾಲದಲ್ಲಿ ಮೇಷ್ಟ್ರಿಂದ ಒಂದು ಫೋಟೊ ಬಂತು. ಅಭ್ಯಾಸದ ಮೈದಾನದಲ್ಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಿದ್ದಾರೆ. ಅಂಗಿಯ ಮೇಲೆ ಆ ವಾರದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ನಂಬರು. ಕೆಳಗೆ ಒಂದೇ ಸಾಲು ಬರೆದಿದ್ದರು: ಈ ವಾರದವನು ಬಲಗಾಲು ಸರಿಸುತ್ತಾನೆ, ಕಲಿಯುತ್ತಿದ್ದೇನೆ. ನಾನು ಫೋಟೊವನ್ನು ದೊಡ್ಡದು ಮಾಡಿ ಪಾದಗಳ ಬಳಿಗೆ ಇಳಿದೆ. ಬಲಗಾಲು ಹುಲ್ಲಿನಲ್ಲಿ ಮೊದಲು ಊರಿದ್ದ ಗುರುತಿನಿಂದ ಹೆಬ್ಬೆರಳಿನಷ್ಟು ಹಿಂದಿತ್ತು. ಎಡಗಾಲೂ ಹಿಂದಿತ್ತು.